ಇಲ್ಲದ ಬ್ರೇಕಿನ ಮೇಲೆ ಕಾಲು

ನನ್ನ ಬಲಗಾಲಿಗೆ ಬುದ್ಧಿ ಕೆಟ್ಟಿದೆ. ಊಟಕ್ಕೆ ಕೂತರೂ ಬಸ್ಸಿನಲ್ಲಿ ಕೂತರೂ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಡಿಗ್ರಿ ಓದಿದ್ದು ತಲೆ. ಕಾಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಕಾರಣ, ನನ್ನ ತಮ್ಮ ಮುನಿರಾಜ. ಬೆಳಗಿನ ಶಿಫ್ಟಿಗೆಂದು ಹೊಸೂರಿನ ಪಕ್ಕದ ನಮ್ಮೂರು ಆಲಸನತ್ತಂನಿಂದ ಅವನ ಬೈಕಿನ ಹಿಂದೆ ಕೂತು ಹೊರಟಿದ್ದೆ. ಇವನೇಕೆ ಇಷ್ಟು ವಿನಯದಿಂದ ತಲೆ ತಗ್ಗಿಸಿ ಓಡಿಸುತ್ತಿದ್ದಾನೆ ಎಂದು ಭುಜದ ಮೇಲಿಂದ ಬಗ್ಗಿ ನೋಡಿದರೆ, ಎಡಗೈಯಲ್ಲಿ ಮೊಬೈಲು, ಅದರಲ್ಲಿ ದುಡ್ಡಿನ ರಮ್ಮಿ. ಮುಂದೆ ಲಾರಿ ನಿಂತಿತ್ತು. ಕಿರುಚಿದೆ. ಬೈಕು ಹೊರಳಿತು, ಲಾರಿಯ ಹಿಂದೆ ನೇತಾಡುತ್ತಿದ್ದ ಸರಪಳಿ ನನ್ನ ಮೂಗಿನ ಪಕ್ಕದಲ್ಲೇ ಹಾದುಹೋಯಿತು. ಮಣ್ಣಲ್ಲಿ ಬಿದ್ದವನು ಮೊದಲು ಹುಡುಕಿದ್ದು ಫೋನನ್ನು.

"ಒಳ್ಳೇ ಎಲೆ ಬಂದಿತ್ತು ಕಣಣ್ಣ," ಅಂದ.

ಅವತ್ತೇ ಬೈಕಿನ ಕೀ ಕಿತ್ತುಕೊಂಡು, ಅವನನ್ನು ಹೊಸೂರಿನ ಆಪ್ತಸಮಾಲೋಚಕಿಯೊಬ್ಬರ ಬಳಿ ಕರೆದೊಯ್ದೆ. ಚೆನ್ನಾಗಿ ಬೈಯುತ್ತಾರೆಂಬ ಆಸೆಯಿತ್ತು. ಆ ತಮಿಳು ಮೇಡಂ ಬೈಯಲೇ ಇಲ್ಲ. ಆಡುವ ಚಪಲ ಬಂದಾಗ ಅದರೊಡನೆ ಗುದ್ದಾಡದೆ, ಅದು ಏರಿ ಇಳಿಯುವವರೆಗೆ ಸುಮ್ಮನೆ ನೋಡುತ್ತಾ ಕೂರಬೇಕಂತೆ. 'ಹೋದದ್ದನ್ನು ಮುಂದಿನ ಆಟದಲ್ಲಿ ಗೆಲ್ತೀನಿ' ಅನ್ನಿಸಿದರೆ, ಇದು ನಿಜವಾ ಎಂದು ತನ್ನನ್ನೇ ಕೇಳಿಕೊಳ್ಳಬೇಕಂತೆ. ಮನೆಯವರು ಜೊತೆಗಿರಬೇಕು, ಪೊಲೀಸರಾಗಬಾರದಂತೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದ್ದೇ ತಪ್ಪಾಯಿತು. ಒಲೆಯ ಮೇಲಿನ ಹಾಲನ್ನು ಕಾಯುವಂತೆ ಅವನೆದುರು ಕೂತುಬಿಟ್ಟಳು.

"ಬಂತೇನ್ಲಾ ಚಪಲ?"

"ಇಲ್ಲ ಕಣಮ್ಮ."

"ಈಗ್ಲಾದ್ರೂ ಬಂತಾ?"

"ನೀನು ಕೇಳಿದ್ಮೇಲೆ ಬತ್ತಾ ಐತೆ, ಎದ್ದೋಗಮ್ಮ!"

ಕೆಲವು ವಾರ ತಣ್ಣಗಿದ್ದ. ಮೊನ್ನೆ ಬಚ್ಚಲ ಬಾಗಿಲ ಹಿಂದೆ ರಮ್ಮಿಯ ಇಸ್ಪೀಟೆಲೆ ಕಲೆಸುವ ಸದ್ದು; ಆಡುತ್ತಿದ್ದದ್ದು ಅಮ್ಮನ ಫೋನಿನಲ್ಲಿ. ಬಾಗಿಲು ತೆರೆದು ಅಳುತ್ತಾ ನಿಂತ. ಈಗ ಅವನು ಬರುವುದು ಸ್ವಲ್ಪ ತಡವಾದರೂ ಸಾಕು, ಆ ಲಾರಿ ನನ್ನ ಕಣ್ಣೆದುರು ಬಂದು ನಿಲ್ಲುತ್ತದೆ. ಬೇರೆ ಯಾರದಾದರೂ ಬೈಕು ಹತ್ತಿದ್ದರೆ, ಕಿರುಚಲು ಹಿಂದೆ ನಾನು ಕೂತಿರುವುದಿಲ್ಲ.

ಮತ್ತೆ ಮೇಡಂ ಹತ್ತಿರ ಓಡಿದೆವು. "ಜಾರೋದುಂಟು. ಮತ್ತೆ ಶುರು ಮಾಡೋಣ," ಅಂದರು.

"ಈ ಸಲ ಬಿಡ್ತಾನಾ ಮೇಡಂ?"

"ಹೇಳಕ್ಕಾಗಲ್ಲ."

ತಡೆಯಲಾಗಲಿಲ್ಲ. ತಮ್ಮನ ಕಡೆ ತಿರುಗಿದೆ. "ಲೋ, ದೀಪಾವಳಿ ತನಕ ನೀನು ಮುಟ್ದೆ ಇದ್ಬುಟ್ರೆ ಬೈಕಿನ ಕೀ ನಿಂಗೇ ಕಣ್ಲಾ. ಕಟ್ತೀಯಾ ಬೆಟ್ಟಿಂಗು?"

ವಾರಗಳಿಂದ ಸತ್ತಂತಿದ್ದ ಮುನಿರಾಜನ ಕಣ್ಣು ಝಗ್ಗೆಂದಿತು. "ಬೆಟ್ಟಿಂಗಾ ಅಣ್ಣ?"

ಮೇಡಂ ಹಣೆ ಹಿಡಿದುಕೊಂಡರು. ನನ್ನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು, ಮಾತು ಹೊರಟುಹೋದ ಮೇಲೆ.