ಜಗತಾಪರ ಲೈಸೆನ್ಸ್ ಕಿತ್ತುಹಾಕಿದ್ದು

ನನಗೆ ಸಿಟ್ಟು ಬರುವುದು ಅಪರೂಪ. ಹೀಗೆ ನಾನು ಯಾರ ಮುಂದಾದರೂ ಹೇಳಿದರೆ ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಗೆ ಹೋಗಿ ನಕ್ಕು ಬರುತ್ತಾಳೆ. ಆದರೆ ಆ ವರ್ಷ ಬಂದದ್ದು ನ್ಯಾಯವಾದ ಸಿಟ್ಟು!

ನಾಸಿಕ್ ರೋಡಿನ ನಮ್ಮ ಕಂಪನಿ ಲಾಸಲಗಾಂವದಿಂದ ಈರುಳ್ಳಿ ತಂದು, ಹೆಚ್ಚಿ, ಒಣಗಿಸಿ ಮಾರುತ್ತಿತ್ತು. ನಾನು ಅಲ್ಲಿ ಆಡಳಿತಾಧಿಕಾರಿ. ಸರಕಿನ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ತೆರೆಯುವ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಲೈಸೆನ್ಸ್, ಪ್ರತಿ ಲೈಸೆನ್ಸಿಗೂ ವರ್ಷ ವರ್ಷ ಬಾಡಿಗೆ. ಒಂದು ದಿನ ಕಂಪನಿಯ ದೊಡ್ಡ ಸಾಹೇಬರು ಆ ಬಿಲ್ಲನ್ನು ನನ್ನ ಮೇಜಿನ ಮೇಲೆ ಎಸೆದು, ಕೆಲಸಕ್ಕೆ ಬಾರದ ಹೆಸರುಗಳನ್ನೆಲ್ಲ ಶನಿವಾರದೊಳಗೆ ತೆಗೆಯಿರಿ ಎಂದರು.

ಇದೇನು ಮಹಾ ಕೆಲಸ ಎಂದುಕೊಂಡೆ. ಬಹಳ ದಿನಗಳಿಂದ ಸಾಫ್ಟ್‌ವೇರ್ ತೆರೆಯದವರಿಗೆಲ್ಲ ವಿನಯದಿಂದ ಒಂದು ಪತ್ರ ಬರೆದೆ: ‘ತಮಗೆ ಬೇಡವಾದ ಲೈಸೆನ್ಸನ್ನು ದಯವಿಟ್ಟು ಬಿಟ್ಟುಕೊಡಿ.’

ಒಬ್ಬನೂ ಬಿಡಲಿಲ್ಲ!

ಖರೀದಿ ವಿಭಾಗದ ಜೋಶಿ ಒಂದು ವರ್ಷದಿಂದ ಅದರ ಮುಖ ನೋಡಿರಲಿಲ್ಲ. “ಅಸೂ ದ್ಯಾ ಹೋ, ಇರಲಿ ಬಿಡಿ, ಎಂದಾದರೂ ಬೇಕಾದೀತು” ಎಂದ. ಇನ್ನೊಬ್ಬ, ತನ್ನ ಕೈಕೆಳಗಿನವನಿಗೆ ಇರುವ ತನಕ ತನಗೂ ಇರಲೇಬೇಕೆಂದು ಹಟ ಹಿಡಿದ. ಕ್ಯಾಂಟೀನಿನವನ ಹೆಸರಿಗೂ ಒಂದಿತ್ತು. ಯಾಕಯ್ಯಾ ಎಂದರೆ, “ನಾನೂ ಈರುಳ್ಳಿ ಹೆಚ್ಚುತ್ತೇನಲ್ಲ ಸಾಹೇಬ” ಎಂದ!

ನನ್ನ ವಿನಯ ಅಲ್ಲಿಗೆ ತೀರಿತು. ಪಟ್ಟಿ ತೆರೆದು ಮೇಲಿಂದ ಕೆಳಗೆ ಹೆಸರು ಕೀಳುತ್ತ ಹೋದೆ. ಜೋಶಿ ಹೋದ. ಕ್ಯಾಂಟೀನಿನವನು ಹೋದ. ಆಮೇಲೆ ಕಣ್ಣಿಗೆ ಬಿದ್ದದ್ದು ಜಗತಾಪ. ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ನಮ್ಮ ಗೋದಾಮಿನ ಹಳೆಯ ಗುಮಾಸ್ತ. ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಆದರೂ ಮಹಾಶಯ ದಿನಾ ಬೆಳಿಗ್ಗೆ ಎಂಟಕ್ಕೆ ತಪ್ಪದೆ ನಮ್ಮ ಸಾಫ್ಟ್‌ವೇರ್ ತೆರೆಯುತ್ತಿದ್ದ!

ಮನೆಯಲ್ಲಿ ಊಟಕ್ಕೆ ಕೂತಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.

“ಕಿತ್ತು ಹಾಕೂಕಿಂತ ಮೊದಲ ಗೋದಾಮಿಗೆ ಒಂದು ಫೋನ್ ಮಾಡಿ ಕೇಳ್ರಲಾ” ಎಂದಳು ಸುಮಿತ್ರಾ.

“ಕಳ್ಳಗ ಫೋನ್ ಹಚ್ಚಿ, ಕಳವು ಮಾಡ್ಲಿಕ್ಕತ್ತೀಯೇನಪಾ ಅಂತ ಕೇಳ್ತಾರೇನು?”

ಶನಿವಾರ ಸಂಜೆ ಜಗತಾಪನನ್ನೂ ಕಿತ್ತೆ. ಉಳಿದಷ್ಟೇ ಹೆಸರುಗಳಿಗೆ ಹೊಸ ಕರಾರು ಮಾಡಿ, ಭಾನುವಾರ ಸುಖವಾಗಿ ನಿದ್ದೆ ಹೊಡೆದೆ.

ಸೋಮವಾರ ಎಂಟೂ ಹತ್ತಕ್ಕೆ ಗೋದಾಮಿನ ಈಗಿನ ಗುಮಾಸ್ತ ಪವಾರನ ಫೋನು. “ಗೇಟ್‌ಪಾಸ್ ಸಾಫ್ಟ್‌ವೇರಿನಿಂದ ಬರುತ್ತಿಲ್ಲ ಸಾಹೇಬ. ಎರಡು ಲಾರಿ ನಿಂತಿವೆ. ಪಾಸಿಲ್ಲದೆ ಚೀಲ ಮುಟ್ಟಬೇಡಿ ಅಂತ ವಾಚ್‌ಮನ್ ಅಡ್ಡ ನಿಂತಿದ್ದಾನೆ.”

“ನಿನ್ನ ಹೆಸರಿನಲ್ಲಿ ತೆಗಿ!”

“ನನ್ನ ಹೆಸರೇ ಇಲ್ಲವಲ್ಲ! ಜಗತಾಪ ಕಾಕಾ ಹೋಗುವಾಗ ಪಾಸ್‌ವರ್ಡ್ ಗೋಡೆಯ ಮೇಲೆ ಬರೆದು ಹೋದರು. ಅದರಲ್ಲೇ ನಡೆಸಿದ್ದೇವೆ. ನನಗೊಂದು ಲೈಸೆನ್ಸ್ ಕೊಡಿ ಅಂತ ನಿಮಗೆ ಮೂರು ಸಲ ಮೇಲ್ ಹಾಕಿದ್ದೆ.”

ಮೇಲ್ ಹುಡುಕಿದೆ. ಮೂರೂ ಇದ್ದವು. ಮೂರನ್ನೂ ನಾನು ತೆರೆದೇ ಇರಲಿಲ್ಲ!

ಆಗ ತೆಪ್ಪಗೆ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮಾಡಲಿಲ್ಲ. ಖಾಲಿ ಲೈಸೆನ್ಸ್ ಒಂದೂ ಇರಲಿಲ್ಲ. ಹಾಗಾದರೆ ನನ್ನದನ್ನೇ ಪವಾರನಿಗೆ ಕೊಡೋಣ ಎಂಬ ತ್ಯಾಗಬುದ್ಧಿ ಹುಟ್ಟಿತು. ನನ್ನ ಹೆಸರು ತೆಗೆದೆ. ಪವಾರನ ಹೆಸರು ಬರೆಯಲು ಹೋದರೆ ಪರದೆ ನನ್ನನ್ನೇ ‘ನೀವು ಯಾರು?’ ಎಂದು ಕೇಳಿತು. ಹೆಸರು ಸೇರಿಸುವ ಅಧಿಕಾರವಿದ್ದವನು ಇಡೀ ಕಂಪನಿಯಲ್ಲಿ ನಾನೊಬ್ಬನೇ. ಆ ನಾನೇ ಈಗ ಇರಲಿಲ್ಲ!

ಸಾಫ್ಟ್‌ವೇರಿನವರು, ಸರಿಪಡಿಸಲು ಎರಡು ದಿನ ಬೇಕು ಎಂದರು. ಸಾಹೇಬರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅದರ ಸಾರಾಂಶ ಇಷ್ಟು: ಹಳೆಯ ಗೇಟ್‌ಪಾಸ್ ಪುಸ್ತಕ ಹಿಡಿದುಕೊಂಡು ಈಗಲೇ ಗೋದಾಮಿಗೆ ಹೋಗಿ ಕೈಯಾರೆ ಬರೆದುಕೊಡು.

ಬಸ್ಸಿನಲ್ಲಿ ಕುಲುಕಾಡಿ ನಾನು ಗೋದಾಮು ಮುಟ್ಟಿದಾಗ ನಾಲ್ಕು ಗಂಟೆ. ಲಾರಿಯ ನೆರಳಿನಲ್ಲಿ ಹಮಾಲರು ಬೆಳಗಿನಿಂದ ಕೂತಿದ್ದರು. ಅವರ ಮಧ್ಯೆ ಚೀಲ ಹೊಲಿಯುವ ಒಬ್ಬ ಹೆಂಗಸು ಅಚ್ಚಗನ್ನಡದಲ್ಲಿ ಕೂಗಾಡುತ್ತಿದ್ದಳು.

“ಯಾವ ಮುಠ್ಠಾಳ ಆ ಹೆಸರು ಕಿತ್ತಾನೋ, ಅವನ ಕೈ ಸೇದಿ ಹೋಗಲಿ! ನಾಳಿ ಮುಂಜಾನೆ ನನ್ನ ಮೊಮ್ಮಗಳ ತೊಟ್ಲಾ ಐತಿ. ಲಾರಿ ತುಂಬೂ ತನಕಾ ಕೂಲಿ ಕೊಡಂಗಿಲ್ಲ. ಏಳರ ಬಸ್ಸು ತಪ್ಪಿತಂದ್ರ ಅಂವ ಬಂದು ತೂಗ್ತಾನೇನು?”

ಮರಾಠಿಯಲ್ಲಿ ಬೈದಿದ್ದರೆ ಅರ್ಧ ಬಿಟ್ಟುಹೋಗುತ್ತಿತ್ತು. ಇದು ಒಂದಕ್ಷರವೂ ತಪ್ಪದೆ ಒಳಗಿಳಿಯಿತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕೂತು ಪಾಸ್ ಬರೆಯತೊಡಗಿದೆ. ಲಾರಿಯ ನಂಬರು ತಪ್ಪಿತು. ಎರಡು ಹಾಳೆ ಹರಿದೆ. ಮೂರನೆಯದನ್ನು ವಾಚ್‌ಮನ್ ಒಪ್ಪಿದ.

“ಲಗೂನ ಏರಿಸ್ರಿ, ಬಸ್ ಸಿಗತೈತಿ” ಎಂದು ನನ್ನ ಬಾಯಿಂದ ಕನ್ನಡ ಜಾರಿತು.

ಅವಳು ತಿರುಗಿ ನೋಡಿದಳು. “ಅಯ್ಯ, ನಮ್ಮ ಕಡೆಯವ್ರೇನ್ರಿ? ಯಾವೂರು?”

“ಬಾಗಲಕೋಟಿ.”

“ನಾ ಮಲ್ಲವ್ವ ರೀ, ಇಂಡಿ ಕಡೆಯಾಕಿ.”

ಹಮಾಲರು ಎರಡು ತಾಸಿನಲ್ಲಿ ಎರಡೂ ಲಾರಿ ತುಂಬಿದರು. ಬಸ್ಸಿಗೆ ಓಡುವ ಮೊದಲು ಮಲ್ಲವ್ವ ತನ್ನ ಬುತ್ತಿಗಂಟು ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗಿಟ್ಟಳು.

“ಅಷ್ಟು ದೂರದಿಂದ ಉಪವಾಸ ಬಂದು ಪುಣ್ಯಾ ಕಟ್ಗೊಂಡ್ರಿ ಯಪ್ಪಾ. ನಿಮ್ಮ ಆಫೀಸಿನ್ಯಾಗ ಆ ಮುಠ್ಠಾಳ ಸಿಕ್ರ, ಮಲ್ಲವ್ವ ಹೇಳ್ಯಾಳ ಅಂತ ಅವನ ಕಪಾಳಕ್ಕ ಎರಡು ಬಿಡ್ರಿ!”

ನಾನೇ ಅವನು ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡೆ.

“ಬಿಡ್ತೀನ್ರಿ” ಎಂದೆ.