ಏಳು ಪೆಟ್ಟು, ಒಂದು ಖಾಲಿ

ಇದು ಖರೇನ ನಡದದ್ದು. ಇದರಾಗ ಒಂದ ಮಾತ ಸುಳ್ಳಿದ್ರ ನನ್ನ ಜಗ್ಗಲಗಿ ನಡು ಓಣ್ಯಾಗ ಹರದು ಬೀಳ್ಲಿ. ಚಕ್ಕಡಿ ಗಾಲಿ ಹಳಿಗೆ ಎಮ್ಮಿ ಚರ್ಮ ಬಿಗದು ಮಾಡಿದ್ದು ಅದು, ನಮ್ಮಪ್ಪನ ಕಾಲದ್ದು. ಅದರ ಮ್ಯಾಲೆ ಸುಳ್ಳ ಆಣಿ ಮಾಡೂ ಮನಷ್ಯಾ ನಾ ಅಲ್ಲ. ನಾ ಓದಿದ್ದು ಎರಡನೇ ಇಯತ್ತೆ. ಆದ್ರ ಕುಬಿಹಾಳದಿಂದ ಶಲವಡಿತನಕ ಯಾರನ್ನರ ಕೇಳ್ರಿ, ಜಗ್ಗಲಗಿ ಅಂದ್ರ ಯಾರು ಅಂತ. ನನ್ನ ಹೆಸರ ಹೇಳಲಿಲ್ಲಂದ್ರ ಅವರಿಗೆ ಕಿವಿ ಕೇಳಸೂದಿಲ್ಲಂತ ತಿಳೀರಿ. ಇಂಥಾ ನನಗ ಇಂಥಾವೆಲ್ಲಾ ಯಾಕ ಆಕ್ಕಾವೋ ಗೊತ್ತಿಲ್ಲ, ಆಕ್ಕೊಂತನ ಇರತಾವು. ಸಂಕ್ರಾಂತಿಯಿಂದ ಹೋಳಿತನಕ ಆದದ್ದಷ್ಟ ಹೇಳತೀನಿ, ಅಷ್ಟಕ್ಕ ಸಾಕಾಕ್ಕೈತಿ ನಿಮಗ.

೧. ಭುಜ

ಮೊದಲ ನಮ್ಮೂರ ರಿವಾಜು ಹೇಳತೀನಿ. ನಮ್ಮಲ್ಲೆ ಎರಡು ಓಣಿ, ಮ್ಯಾಲಿಂದು, ಕೆಳಗಿಂದು. ಹೋಳಿ ದಿನ ಕಾಮಣ್ಣನ ಕಟ್ಟಿಯಿಂದ ಹನಮಪ್ಪನ ಗುಡಿತನಕ ಒಂದು ಓಣಿ ಜಗ್ಗಲಗಿ ಮುಂದ, ಇನ್ನೊಂದು ಓಣೀದು ಹಿಂದ. ಮುಂದಿನಂವ ಗುಡಿತನಕ ಪೆಟ್ಟ ಕಡೀಬಾರದು. ಕಡದ್ರ ಹಿಂದಿನವರು ಮುಂದ ಬರತಾರ, ಮುಂದಿನವರು ಧೂಳ ಕುಡಕೋತ ಹಿಂದ ಹೋಗಬೇಕು. ಮೂವತ್ತೆರಡ ವರ್ಷಾತು, ಮುಂದ ಇದ್ದದ್ದು ನಮ್ಮ ಕೆಳಗಿನ ಓಣಿ. ಯಾಕಂದ್ರ ಮುಂದ ಇದ್ದಂವ ನಾನು.

ನನ್ನ ಪೆಟ್ಟು ಸಾದಾ ಪೆಟ್ಟಲ್ಲ. ಏಳು ಪೆಟ್ಟು, ಆಮ್ಯಾಲೆ ಒಂದು ಖಾಲಿ. ಬಾರಸೂದು ಕತ್ತಿಗೂ ಬರತೈತಿ, ಒದ್ದು ಬಾರಸತಾವು. ಆ ಒಂದು ಖಾಲಿ ಬಿಡೂದು ಐತೆಲ್ಲ, ಅದು ಬರೂದಿಲ್ಲ. ನಮ್ಮ ಬಾಜೂ ಮನಿ ಮಾಸ್ತರ, ಸಾಲಿಂದ ರಿಟಾಯರ ಆಗಿ ಕುಂತಾನ, ನನ್ನ ವಾರಗಿಯಂವ. ಅವ ಅಂತಾನ, "ಜಗ್ಗಲಗಿಗೆ ಖಾಲಿ ಬಿಡತಿ ದೋಸ್ತ, ಬಾಯಿಗೆ ಯಾವಾಗ ಬಿಡ್ತಿ?"

ಸಂಕ್ರಾಂತಿ ದಿನ ಅದ ಮಾಸ್ತರನ ಮುಂದ ಆಳೆತ್ತರದ ಜಗ್ಗಲಗಿ ಒಬ್ಬನ ಎತ್ತಿ ಕಟ್ಟಿ ಮ್ಯಾಲೆ ಇಡಾಕ ಹೋದೆ. "ನೋಡೋ ಮಾಸ್ತರ, ಎಪ್ಪತ್ತೆರಡ ವರ್ಷದ ಹುಡುಗ!" ಅಂದೆ. ಜಗ್ಗಲಗಿ ಮ್ಯಾಲೆ ಹೋತು, ಭುಜ ಕೆಳಗ ಉಳೀತು.

ಕುಂದಗೋಳದ ಡಾಕ್ಟರ್ರು ಮೂರ ತಿಂಗಳ ಬಲಗೈ ಎತ್ತಬ್ಯಾಡ್ರಿ ಅಂದ್ರು. "ಹೋಳಿಗೆ ಒಂದ ದಿನ ಎತ್ತತೀನ್ರಿ" ಅಂದೆ. "ಅವತ್ತ ಎತ್ತಿದ್ರ ಆಮ್ಯಾಲೆ ತುತ್ತ ಎತ್ತಾಕ ಮತ್ತೊಬ್ಬರ ಬೇಕಾಕ್ಕಾರ" ಅಂದ್ರು.

ಮನೀಗೆ ಬಂದು ಕಟ್ಟಿ ಮ್ಯಾಲೆ ಕುಂತು ಎಡಗೈಲೆ ರೂಢಿ ಮಾಡಾಕತ್ತೆ. ಎಡಗೈ ಮಾತ ಕೇಳವಲ್ದು. ಆ ವಾರ ಪೂರ್ತಿ ತಾಟಿನಾಗ ಬರೇ ಹರಕ ರೊಟ್ಟಿ ಬಂದ್ವು. ನಮ್ಮಾಕೀನ ಕೇಳಿದೆ, "ಏ, ನಿನ್ನ ಕೈಗೆ ಏನಾಗೇತಿ?"

"ನನ್ನ ಕೈಗೆ ಏನಾಗಿಲ್ರಿ" ಅಂದ್ಲು. "ಕಟ್ಟಿ ಮ್ಯಾಲೆ ಕುಂತವರನ್ನ ಕೇಳ್ರಿ."

ಕಟ್ಟಿ ಮ್ಯಾಲೆ ಕುಂತಾಂವ ನಾ ಒಬ್ಬನ. ನನ್ನನ್ನ ನಾ ಏನ ಕೇಳಲಿ? ಹರಕ ರೊಟ್ಟಿ ತಿಂದೆ.

೨. ಗಿರಣಿಯಂವ

ಕೈ ಇಲ್ಲಂದ್ಮ್ಯಾಲೆ ಕೈ ಹುಡುಕಬೇಕಲ್ಲ. ನಮ್ಮ ಓಣ್ಯಾಗ ಹಿಟ್ಟಿನ ಗಿರಣಿ ಇಟ್ಟಾಂವ ಒಬ್ಬಂವ ಅದಾನ, ನಲವತ್ತರ ಗಂಡಸು, ತೋಳು ನೋಡಿದ್ರ ಬೇವಿನ ಬೊಡ್ಡಿ. ಅವಗ ಕಲಸಾಕ ಕುಂತೆ. ಏನ ಹೇಳ್ರಿ, ಹತ್ತ ದಿನದಾಗ ಖಾಲೀನೂ ಬಿಡಾಕ ಕಲತ! ನನ್ನ ಕಣ್ಣ ನಾ ನಂಬಲಿಲ್ಲ. ಇಂಥಾ ಗುರು ಇದ್ರ ಕಲ್ಲೂ ಕಲೀತೈತಿ ಅಂತ ಮಾಸ್ತರಗ ಹೇಳಿ ಬಂದೆ.

ಹನ್ನೊಂದನೇ ದಿನ, "ಇನ್ನ ನಡಕೋತ ಬಾರಸಪಾ" ಅಂದೆ. ಅಲ್ಲೇ ಕೆಟ್ಟಿತು. ಕೈ ನಡದ್ರ ಕಾಲ ನಿಲ್ಲತಿದ್ವು, ಕಾಲ ನಡದ್ರ ಕೈ ನಿಲ್ಲತಿದ್ವು. ಎರಡೂ ಕೂಡಿ ನಡಸಾಕ ಹೋದ ದಿನ ಗಟಾರದಾಗ ಇದ್ದ. ಎಬ್ಬಿಸಿ ಕುಂದರಸಿದ ಮ್ಯಾಲೆ ಹಣಿ ಒರಸಕೊಂಡು ಅಂತಾನ, "ಅಜ್ಜಾರ, ನಾ ನಿಂತ ಬಾರಸತೀನ್ರಿ. ಊರನ್ನ ಸರಸಾಕ ಬರತೈತೇನು ನೋಡ್ರಿ."

ಈ ಸುದ್ದಿ ಮ್ಯಾಲಿನ ಓಣಿಗೆ ಹೋತು. ಚಾದ ಅಂಗಡ್ಯಾಗ ಆ ಓಣಿ ಹಿರ್ಯಾ, ಮೂವತ್ತೆರಡ ವರ್ಷ ನನ್ನ ಹಿಂದ ಧೂಳ ಕುಡದಾಂವ, ಎಲ್ಲಾರ ಮುಂದ ಅಂದ, "ಈ ಸಲ ಮುಂದ ನಾವಪಾ. ನೀ ಬೇಕಾದ್ರ ಬಾಯಿಲೆ ಬಾರಸು."

ನನಗ ಸಿಟ್ಟ ನೆತ್ತಿಗೇರಿತು. ಟೇಬಲ್ ಗುದ್ದಿ, ಅದೂ ಬಲಗೈಲೆ, ನೋವಿನ್ಯಾಗ ಒದರಿದೆ. "ಕೇಳ್ರಿ ಎಲ್ಲಾರೂ! ನನ್ನ ಪೆಟ್ಟು ನನ್ನ ಬಿಟ್ಟ ಈ ಊರಾಗ ಯಾರಿಗೂ ಬರೂದಿಲ್ಲ! ಯಾರರ ಗುಡಿತನಕ ಬಾರಸಿದ್ರ, ಅವತ್ತ ನನ್ನ ಮೈಮ್ಯಾಲೆ ಇದ್ದಷ್ಟೂ ರೊಕ್ಕ ಅವರದು!"

ಮಾಸ್ತರ ಕಪ್ ಇಟ್ಟು ಕೇಳಿದ, "ಲೇ, ನೀ ನಮ್ಮ ಓಣಿ ಕಡೆ ಅದೀಯೋ, ಅವರ ಓಣಿ ಕಡೆ ಅದೀಯೋ?"

೩. ಬಮ್ಮಿಗಟ್ಟಿಯಂವ

ಕಲಘಟಗಿ ಕಡೆ ಬಮ್ಮಿಗಟ್ಟ್ಯಾಗ ಒಬ್ಬ ಬಾರಸಾಂವ ಇದ್ದಾನಂತ ಕೇಳಿದ್ದೆ. ನಮ್ಮ ಓಣಿ ಅಳ್ಯಾ ಆಗಬೇಕು ದೂರದಿಂದ, ಅಂದಮ್ಯಾಲೆ ನಮ್ಮ ಓಣಿ ಕೈ ಅಂತನ ಲೆಕ್ಕ. ಉಣ್ಣಾಕ ಕರದೆ. ನಮ್ಮಾಕಿ ಶೇಂಗಾದ ಹೋಳಿಗಿ ಮಾಡಿದ್ಲು, ಜೋಡಿ ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ.

ನಾ ಉಣ್ಣೂದ್ರಾಗ ಕಮ್ಮಿ ಇಲ್ಲ. ಆದ್ರ ಆ ಮನಷ್ಯಾನ ಮುಂದ ನಾ ಹಾಲ ಕುಡ್ಯೂ ಕೂಸು. ಎಂಟನೇ ಹೋಳಿಗಿಗೆ ಪಂಚೆ ಸಡಲ ಮಾಡಿದ. ಹನ್ನೆರಡಕ್ಕ ತುಪ್ಪದ ಗಿಂಡಿ ತನ್ನ ಬಾಜೂ ಇಟಗೊಂಡ. ಹತ್ತೊಂಬತ್ತು ಹೋಳಿಗಿ! ಕೈ ಮುಗೀಬೇಕು ಅನಸ್ತು. ಅವ ಉಣ್ಣೂದೂ ಒಂದು ತಾಳದಾಗ. ಒಳಗ ನಮ್ಮಾಕಿ ಕೊಮಣಗಿ ಮ್ಯಾಲೆ ರೊಟ್ಟಿ ಬಡ್ಯಾಕತ್ತಿದ್ಲು, ಇಲ್ಲೆ ಇವನ ದವಡಿ ಅದಕ ಸರಿಯಾಗಿ ಆಡತಿತ್ತು. ಒಳಗ ಸಪ್ಪಳ ನಿಂತ್ರ ಇವನ ಬಾಯೂ ನಿಲ್ಲತಿತ್ತು, ತಿರಗಿ ಶುರು ಆದ್ರ ಶುರು.

"ಅಡ್ಡಿಯಿಲ್ಲ" ಅಂದೆ ನಾನು, "ಉಣ್ಣೂದ್ರಾಗ ಇಷ್ಟು ತಾಳ ಇದ್ರ ಬಾರಸೂದ್ರಾಗ ಎಷ್ಟಿರಬಾರದು!"

ಕೈ ತೊಳಕೊಂಡು, ಎಲಿ ಅಡಕಿ ಹಾಕ್ಕೊಂಡು, ನಮ್ಮ ಕಟ್ಟಿ ಮ್ಯಾಲೆ ಮೂರ ತಾಸ ಮಕ್ಕೊಂಡ. ಎದ್ದು ಅಂತಾನ, "ಕಾಕಾ, ಹೋಳಿ ದಿನ ನಾ ನಮ್ಮೂರಾಗ ಬಾರಸಬೇಕ್ರಿ, ಬಿಡೂ ಹಂಗಿಲ್ಲ. ನಿಮ್ಮನ್ಯಾಗ ಕೈ ಐತಿ, ಹೊರಗಿನವರು ಯಾಕ ಬೇಕು? ಹಾಂ, ಉಣ್ಣಾಕ ಬೇಕಾದ್ರ ಪ್ರತಿ ವರ್ಷ ಬರತೀನಿ."

ಅವ ಹೋದ ಮ್ಯಾಲೆ ಮಾಸ್ತರಗ ಹೇಳಿದೆ, "ನೋಡು, ಬಮ್ಮಿಗಟ್ಟಿಯಂವನೂ ಒಪ್ಪಿದ. ನನ್ನ ಕೈ ಅಂದ್ರ ಕೈ."

೪. ಕೌದಿ

ಮಾಡಾಕ ಕೆಲಸ ಇಲ್ಲ, ಕಟ್ಟಿ ಮ್ಯಾಲೆ ಕುಂತಿದ್ದೆ. ನಮ್ಮಾಕಿ ಹಳೇ ಇಲಕಲ್ ಸೀರಿ ಮ್ಯಾಲೆ ತುಂಡು ಬಟ್ಟಿ ಹಚ್ಚಿ ಕೌದಿ ಹೊಲ್ಯಾಕತ್ತಿದ್ಲು. ನಾ ನಲವತ್ತೈದ ವರ್ಷ ಆ ಕೌದ್ಯಾಗ ಮಕ್ಕೊಂಡೇನಿ, ನೋಡಿದ್ದು ಅವತ್ತ ಮೊದಲ. ಗೆರಿ ಇಲ್ಲ, ಪಟ್ಟಿ ಇಲ್ಲ, ಟಾಕಾ ಮಾತ್ರ ಕೂರಿಗಿ ಹಿಡದು ಬಿತ್ತಿದಂಗ, ಸಾಲಿಗೆ ಸಾಲು. ಟಾಕಾ ಹಾಕೂಮುಂದ ಆಕಿ ತುಟಿ ಅಲ್ಲಾಡತಿದ್ವು. ದೇವರ ಹೆಸರ ಹೇಳಾಕತ್ತಾಳ, ಪಾಪ, ನನ್ನ ಭುಜದ ಸಲವಾಗಿ ಅಂದ್ಕೊಂಡೆ.

ಖರೇ ಹೇಳತೀನಿ, ನೋಡಿ ಬಾಯಿ ತಗದೆ. ಆದ್ರ ಹೊರಗ ಹೆಂಗ ತೋರಸೂದು? "ಇದೇನ ದೊಡ್ಡ ವಿದ್ಯಾ, ತಾ ಇಲ್ಲೆ" ಅಂದು ಒಂದು ಮೂಲಿ ತೊಡಿ ಮ್ಯಾಲೆ ಎಳಕೊಂಡೆ. ಎಡಗೈಲೆ ಸೂಜಿ. ಒಂದು ಸಾಲಿಗೆ ಮಧ್ಯಾಹ್ನ ಹೋತು. ಆದ್ರ ಸಾಲು ಅಂದ್ರ ಸಾಲು! ಅಷ್ಟರಾಗ ಮಾಸ್ತರ ಬೀದ್ಯಾಗ ಹೊಂಟಿದ್ದ. "ಮಾಸ್ತರ, ಬಾ ಇಲ್ಲೆ!" ಅಂತ ಎದ್ದ ನಿಂತೆ.

ನನ್ನ ಜೋಡಿ ಕೌದೀನೂ ಎದ್ದು ನಿಂತಿತು. ಧೋತರಾ ಕೂಡೇ ಹೊಲದ ಬಿಟ್ಟಿದ್ದೆ.

ಮಾಸ್ತರ ನಕ್ಕು ನಕ್ಕು ಕಂಬ ಹಿಡಕೊಂಡ. ಬಿಚ್ಚು ಅಂತ ನಮ್ಮಾಕೀಗೆ ಅಂದ್ರ ಆಕಿ ಕತ್ತರೀನ ತಗೋವಲ್ಲಳು. "ಇರ್ಲಿ ಬಿಡ್ರಿ, ಚಲೋ ಹೊಲಿಗಿ ಐತಿ" ಅಂದ್ಲು. "ನಲವತ್ತೈದ ವರ್ಷದಿಂದ ನಿಮ್ಮನ್ನ ಮನ್ಯಾಗ ಕುಂದರಸಾಕ ನೋಡಾಕತ್ತಿದ್ದೆ, ಒಂದ ಸಾಲಿನ್ಯಾಗ ಕುಂತ್ರಿ."

೫. ಸಪ್ಪಳದ ಚಿತ್ರ

ನನ್ನ ಮೊಮ್ಮಗಳು ನಾಕನೇತ್ತೆ. ಸಾಲ್ಯಾಗಿಂದ ಚಿತ್ರದ ಕತಿ ಪುಸ್ತಕ ತರತಾಳ, ಮನಷ್ಯಾರ ಬಾಯಿಂದ ಬುರುಗ ಬಂದಂಗ ಮಾತು ಬಂದಿರತಾವು, ಅಂಥಾವು. ಒಂದಿನ ತಾನ ನಮ್ಮ ಮನೀದು ಒಂದು ಕತಿ ಬರದ್ಲು. ನನಗ ಅಕ್ಷರ ಕೂಡಿಸಿ ಓದಾಕ ವ್ಯಾಳ್ಯಾ ಬೇಕು, ಚಿತ್ರಾ ನೋಡಿದೆ.

ನಾ ಇದ್ದೆ. ಬಾಯಿ ಜಗ್ಗಲಗಿಗಿಂತ ದೊಡ್ಡದಿತ್ತು, ಇರ್ಲಿ. ಆದ್ರ ಆ ಕೂಸು ಸಪ್ಪಳದ ಚಿತ್ರ ತಗದಿತ್ತು! ಢಂ ಢಂ ಅಂತ ಏಳು, ಒಂದಕಿಂತ ಒಂದು ದಪ್ಪ, ಆಮ್ಯಾಲೆ ಒಂದು ಗುಂಡಾನ ಖಾಲಿ ಬುರುಗ. ಖಾಲೀನ ಬರದಾಳ್ರಿ! ಕಣ್ಣಿಗೆ ಕಾಣೂಹಂಗ! ನನಗ ಮೈ ಜುಂ ಅಂತು. ಇಷ್ಟು ವರ್ಷ ನಾ ಕೇಳಿದ್ದನ್ನ ಅವತ್ತ ನೋಡಿದೆ.

ಮುಂದಿನ ಹಾಳ್ಯಾಗ ಅಜ್ಜಿ ಒಲಿ ಮುಂದ ಕುಂತಿದ್ಲು. ಆಕಿ ಕೈ ಬಾಜೂನೂ ಅವ ಏಳು ಢಂ, ಅದ ಖಾಲಿ ಬುರುಗ.

"ಇಲ್ಲೆ ತಪ್ಪಿದೀ ನೋಡವಾ" ಅಂದೆ. "ನನ್ನ ಸಪ್ಪಳ ಅಜ್ಜಿ ಕಡೆ ಹೋಗೇತಿ."

"ತಪ್ಪಿಲ್ಲಜ್ಜಾ. ಅಲ್ಲಿಂದನೂ ಬರತೈತಿ ಅದು."

"ರಬ್ಬರ್ ತಗೊಂಡ ಬಾ."

"ಅಜ್ಜಾ" ಅಂತು ಕೂಸು, "ನೀ ಎರಡನೇತ್ತೆ, ನಾ ನಾಕನೇತ್ತೆ."

೬. ಹೋಳಿ

ಹೋಳಿ ಬಂತು. ಬ್ಯಾರೆ ಯಾರೂ ಸಿಗಲಿಲ್ಲ, ಗಿರಣಿಯಂವನ ಗತಿ. ಇಬ್ಬರು ಜಗ್ಗಲಗಿ ನೆಟ್ಟಗ ಹಿಡದು ಉರಳಸಕೋತ ನಡೀಬೇಕು, ಅವ ಬಾರಸಬೇಕು. ಹಿಂದ ಮ್ಯಾಲಿನ ಓಣಿ, ಹಿರ್ಯಾ ಹೊಸಾ ರುಂಬಾಲ ಸುತಗೊಂಡ ಬಂದಿದ್ದ.

ಕಾಮಣ್ಣನ ಕಟ್ಟಿಂದ ಹೊಂಟ್ವಿ. ಗಿರಣಿಯಂವ ಕಣ್ಣ ಮುಚಗೊಂಡು ಹೆಂಗೋ ನಮ್ಮ ಓಣಿತನಕ ಬಂದ. ಸರಿಯಾಗಿ ನಮ್ಮನಿ ಮುಂದ ಕಣ್ಣ ತಗದ, ಅಷ್ಟೂ ಮಂದೀನ್ನ ನೋಡಿದ. ಕಾಲ ನಡೀತಿದ್ವು. ಕೈ ನಿಂತ್ವು. ಏಳನೇ ಪೆಟ್ಟ ಬಿದ್ದಿತ್ತು, ಖಾಲಿ ಬಂದಿತ್ತು, ಆ ಖಾಲಿ ಮುಗ್ಯೂದ್ರಾಗ ಮುಂದಿನ ಪೆಟ್ಟ ಬೀಳಬೇಕು. ಮೂವತ್ತೆರಡ ವರ್ಷ ಆ ಒಂದು ಖಾಲ್ಯಾಗ ನಿಂತಿತ್ತು. ನಾ ಬಲಗೈ ಎತ್ತಾಕ ಹೋದೆ, ಭುಜ ಏಳವಲ್ದು. ಹಿರ್ಯಾ ಒಂದ ಹೆಜ್ಜಿ ಮುಂದ ಇಟ್ಟ.

ಢಂ!

ತಿರಗಿ ನೋಡಿದ್ರ, ನಮ್ಮಾಕಿ. ರೊಟ್ಟಿ ಬಡಿಯೂದ ಬಿಟ್ಟು ಓಡಿ ಬಂದಾಳ, ಬಡಿಗಿ ಇಲ್ಲ, ಬರೇ ಅಂಗೈ. ಜೋಳದ ಹಿಟ್ಟು ಮೊಳಕೈತನಕ. ಏಳು ಪೆಟ್ಟು ಹಾಕಿದ್ಲು, ಎಂಟನೇದಕ್ಕ ಅಂಗೈ ಹಿಂಗ ಗಾಳ್ಯಾಗ ತಿರಗಿಸಿದ್ಲು, ರೊಟ್ಟಿ ತಿರಗಸೂಹಂಗ. ಅದ ಖಾಲಿ! ಅಗದಿ ನನ್ನ ಖಾಲಿ! ಕರೇ ಚರ್ಮದ ಮ್ಯಾಲೆ ಏಳು ಬಿಳೇ ಅಂಗೈ ಮೂಡಿದ್ವು.

"ಹೆಣ್ಮಗಳು ಬಾರಸೂಹಂಗಿಲ್ಲ!" ಅಂತ ಹಿರ್ಯಾ ಒದರಿದ.

ಮಾಸ್ತರ ಅಂದ, "ಪೆಟ್ಟ ಕಡೀಬಾರದು ಅನ್ನೂದು ರಿವಾಜು. ಕಡದೈತೇನು? ಹಿಂದ ನಡಿ."

ಹನಮಪ್ಪನ ಗುಡಿತನಕ ಬಾರಸಿದ್ಲ್ರಿ ಆಕಿ. ತಲಿ ಮ್ಯಾಲಿನ ಸೆರಗ ಜಾರಲಿಲ್ಲ. ನಾ ಮೂವತ್ತೆರಡ ವರ್ಷ ಬಾರಸೇನಿ, ನನ್ನ ಹಿಂದ ಮಂದಿ ಕುಣದದ್ದು ಹೌದು. ಆದ್ರ ಅವತ್ತ ಮ್ಯಾಲಿನ ಓಣಿ ಹಿರ್ಯಾನ ಕುಣದ, ಹೊಸಾ ರುಂಬಾಲ ಬಿಚ್ಚಿ ಬಿದ್ದದ್ದು ಅವಗ ಗೊತ್ತಾಗಲಿಲ್ಲ. ನಾನೂ ಕುಣದೆ. ಕಣ್ಣಾಗ ನೀರ ಬಂದಿದ್ವು, ಬಣ್ಣ ಹೋಗೇತಿ ಅಂತ ಹೇಳಿದೆ.

ಗುಡಿ ಕಟ್ಟಿ ಮ್ಯಾಲೆ ಕುಂತು ಕೇಳಿದೆ, "ಯಾವಾಗ ಕಲತೀ?"

"ನೀವು ಹೊರಗ ಬಾರಸತಿದ್ರಿ, ನಾ ಒಳಗ ಬಡೀತಿದ್ದೆ" ಅಂದ್ಲು. "ಕೌದಿ ಹೊಲ್ಯೂಮುಂದನೂ ಬಾಯಾಗ ಅದ. ನೀವು ತಪ್ಪಿದಾಗೆಲ್ಲಾ ನನ್ನ ಕೈ ತಪ್ಪತಿತ್ತು, ರೊಟ್ಟಿ ಹರೀತಿತ್ತು."

ನಲವತ್ತೈದ ವರ್ಷದಾಗ ತಿಂದ ಹರಕ ರೊಟ್ಟಿ ಎಲ್ಲಾ ಕಣ್ಣ ಮುಂದ ಬಂದ್ವು. ನಾ ಅಷ್ಟು ಸಲ ತಪ್ಪಿನ್ಯಾ? ಬಾಜೂಕ ಮೊಮ್ಮಗಳು ನಿಂತು ನನ್ನ ಮಾರಿ ನೋಡಾಕತ್ತಿತ್ತು. "ರಬ್ಬರ್ ತರಲ್ಯಾ ಅಜ್ಜಾ?" ಅಂತು.

ಮಾಸ್ತರ ಸುಮ್ಮನಿರೂ ಮನಷ್ಯಾ ಅಲ್ಲ. "ಮಾತ ಅಂದ್ರ ಮಾತ ದೋಸ್ತ. ಮೈಮ್ಯಾಲೆ ಇದ್ದಷ್ಟೂ ರೊಕ್ಕ" ಅಂದ. ಊರ ಪೂರ್ತಿ ನಿಂತಿತ್ತು. ನನಗೇನ ಚಿಂತಿ ಇರಲಿಲ್ಲ. ಹೋಳಿ ದಿನ ಅಂಗಿ ಕಿಸೆದಾಗ ಎಷ್ಟ ಇಡಬೇಕು ಅಂತ ತಿಳೀದಷ್ಟು ದಡ್ಡ ನಾ ಅಲ್ಲ. ದೊಡ್ಡ ಮನಷ್ಯಾರ ಗತ್ತಿನ್ಯಾಗ ಕಿಸೆ ಝಾಡಿಸಿ ನಲವತ್ತೇಳು ರೂಪಾಯಿ ಆಕಿ ಕೈಯಾಗ ಇಟ್ಟೆ. ಮಂದಿ ಚಪ್ಪಾಳಿ ಹೊಡೀತು.

ಆಕಿ ಅದನ್ನ ನೋಡಲೇ ಇಲ್ಲ. ಹಿಟ್ಟಿನ ಕೈಲೆ ನನ್ನ ಎದಿ ಮ್ಯಾಲೆ ಮೆಲ್ಲಕ ಒಂದು ಪೆಟ್ಟ ಹಾಕಿದ್ಲು. "ಇಲ್ಲಿಂದೂ ತಗೀರಿ."

"ಇಲ್ಲೇನೈತಿ?"

"ಬನೀನಿಗೆ ಒಳಕಿಸೆ."

"ನಿನಗ ಹೆಂಗ ಗೊತ್ತು?"

"ಹೊಲದಾಕಿ ಯಾರ್ರಿ?"

ಜಗ್ಗಲಗಿಗೆ ಹೊಸಾ ಚರ್ಮ ಹಾಕಸಾಕಂತ ಯಾರಿಗೂ ಕಾಣದಂಗ ಕೂಡಿಟ್ಟಿದ್ದೆ. ಆಕಿ ಎಣಸಕೊಂಡು ಸೊಂಟಕ್ಕ ಸಿಗಿಸಿ, "ಇನ್ನ ಮ್ಯಾಲೆ ಅದು ನನ್ನ ಜಗ್ಗಲಗಿ, ಚರ್ಮ ನಾ ಹಾಕಸತೀನಿ" ಅಂದ್ಲು. ಅಂಗಿದೂ ಬನೀನಿದೂ ಕೂಡಿ ಹೋದದ್ದು ಎರಡು ಸಾವಿರದ ಮುನ್ನೂರಾ ನಲವತ್ತೇಳು ರೂಪಾಯಿ.