ಓರೆಮರ ತಬ್ಬಿಕೊಂಡ ಬಡಗಿ

ಒಂದು ಬಟ್ಟಲೂ ಒಡೆಯದ ಹಾಗೆ ತನ್ನ ಮನೆಯನ್ನು ಗುಡ್ಡಕ್ಕೆ ಏರಿಸುತ್ತೇನೆಂದು ಬಡಗಿ ಬಾಲ್ದೊಮೆರೊ ವಾರವಿಡೀ ಚಿಲೊಯೆ ದ್ವೀಪಕ್ಕೆಲ್ಲ ಡಂಗುರ ಸಾರಿದ್ದ. ಸಮುದ್ರ ಹಿತ್ತಿಲನ್ನು ತಿನ್ನುತ್ತಾ ಅಡುಗೆಮನೆಯ ಗೋಡೆಯವರೆಗೂ ಬಂದಿತ್ತು. ಹಾಗೆಂದು ಮನೆ ಬಿಟ್ಟುಹೋಗುವ ಮಾತೇ ಇಲ್ಲ. ಮರದ ಮನೆ, ಬುಡಕ್ಕೆ ದಿಮ್ಮಿ ಕೊಟ್ಟು ಎತ್ತು ಕಟ್ಟಿ ಎಳೆದರಾಯಿತು. ಊರೆಲ್ಲ ಕೈಹಾಕುತ್ತದೆ, ಕೂಲಿ ಯಾರೂ ಕೇಳುವುದಿಲ್ಲ, ಹೊಟ್ಟೆ ತುಂಬ ಊಟ ಹಾಕಿದರೆ ಸಾಕು. ಆದರೆ ದಾರಿಯಲ್ಲಿ ಮನೆ ಸೊಟ್ಟಗಾಯಿತೋ, ಬಡಗಿಯ ಹೆಸರು ಅಲ್ಲಿಗೆ ಮುಗಿದಂತೆ. ಆಮೇಲೆ ಅವನ ಕೈಯಲ್ಲಿ ಯಾರೂ ಕೋಳಿಗೂಡನ್ನೂ ಕಟ್ಟಿಸುವುದಿಲ್ಲ.

"ಚೌಕವನ್ನ ನಂಬಬಾರದು ಕಣೇ," ಎಂದು ಹೆಂಡತಿ ಓತಿಲಿಯಾಗೆ ಪಾಠ ಹೇಳಿದ. "ಎಳೆದ ಕಡೆಗೆ ವಾಲುತ್ತೆ. ಮೂಲೆಯಿಂದ ಮೂಲೆಗೆ ಒಂದು ಓರೆಮರ ಕೊಡು, ತ್ರಿಕೋನ ಆಯ್ತು. ಆಮೇಲೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

"ಪಾಠ ಸಾಕು, ಮೊಳೆ ಹೊಡೀರಿ."

ಹೊಡೆದ. ಗೋಡೆಗೊಂದು ಓರೆಮರ ಕೊಟ್ಟು, ಕೊನೆಯದನ್ನು ಬಾಗಿಲಿನ ಗೋಡೆಗೆ ಬಿಗಿದು, ಹಿಂದೆ ಸರಿದು ಮೀಸೆ ತಿರುವಿದ. ಸೊಗಸಾಗಿತ್ತು. ಒಂದೇ ಕೊರತೆ: ಬಾಗಿಲಿಗೆ ಮರ ಅಡ್ಡ ಬಿದ್ದಿತ್ತು, ತಾನು ಒಳಗಿದ್ದ! ಕಿಟಕಿಗಳಿಗೆ ನೆರೆಯವರು ಹೊರಗಿನಿಂದ ಹಲಗೆ ಬಡಿದಾಗಿತ್ತು. ಉಳಿದದ್ದು ಅಡುಗೆಮನೆಯ ಕಿಂಡಿ. ಅದರಲ್ಲಿ ಅವನ ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಅಷ್ಟರಲ್ಲಿ ಹೊರಗೆ ಹೋಗಿದ್ದ ಹೆಂಡತಿಯನ್ನು ಅಲ್ಲಿಂದಲೇ ಕೂಗಿದ.

"ಓತಿಲಿಯಾ, ಸ್ವಲ್ಪ ತಡೀರಿ ಅಂತ ಹೇಳು. ನಾನು ಒಳಗಿದ್ದೀನಿ."

"ಇಪ್ಪತ್ತು ಜೋಡಿ ಎತ್ತು ನೊಗ ಹೊತ್ಕೊಂಡು ನಿಂತಿವೆ ರೀ. ಒಳಗೇ ಕೂತ್ಕೊಂಡು ಬನ್ನಿ, ಮಹಾರಾಜರ ಹಾಗೆ."

ಮಹಾರಾಜನಾಗುವುದು ಅವನಿಗೆ ಬೇಕಿರಲಿಲ್ಲ. ಎತ್ತುಗಳ ಮುಂದೆ ಟೊಪ್ಪಿ ಬೀಸುತ್ತಾ ನಡೆದು ಶಹಬ್ಬಾಸ್ ಅನ್ನಿಸಿಕೊಳ್ಳಬೇಕಿತ್ತು. ಇಷ್ಟು ಮರಗಳಲ್ಲಿ ಒಂದು ಹೋದರೇನಾದೀತು ಎಂದು ಬಾಗಿಲಿನ ಓರೆಮರಕ್ಕೆ ಗರಗಸ ಹಾಕಿ ನಡುವೆ ಕೊಯ್ದ. ಕೊಯ್ದು ಮುಗಿಯುವುದಕ್ಕೂ ಹೊರಗೆ ಎತ್ತು ಹೊಡೆಯುವ ಎಲಿಯಾಸಜ್ಜ "ಹೈ" ಎಂದು ಅವನ್ನು ಹೊರಡಿಸುವುದಕ್ಕೂ ಸರಿಹೋಯಿತು.

ಮನೆ ಕಿರ್ರೆಂದು ವಾಲತೊಡಗಿತು. ಬಟ್ಟಲುಗಳು ಜಾರಿ ಹಲಗೆಯ ಅಂಚಿಗೆ ಬಂದು ಇಣುಕಿದವು. ಬಾಲ್ದೊಮೆರೊ ಗರಗಸ ಎಸೆದ. ಕೊಯ್ದ ಎರಡು ತುಂಡುಗಳನ್ನು ತುದಿಗೆ ತುದಿ ಕೂಡಿಸಿ ಬಾಚಿ ತಬ್ಬಿಕೊಂಡ. ಮನೆ ನಿಂತಿತು! ಒಂದನ್ನೊಂದು ಒತ್ತಿಕೊಂಡು ತುಂಡುಗಳೇ ಭಾರ ಹೊತ್ತವು. ಅವು ಪಕ್ಕಕ್ಕೆ ಜಾರದಂತೆ ಹಿಡಿದಿರುವುದಷ್ಟೇ ಅವನ ಪಾಲಿನ ಕೆಲಸ. ಮದುವೆಯ ದಿನವೂ ಅವನು ಹೆಂಡತಿಯನ್ನು ಅಷ್ಟು ಬಿಗಿಯಾಗಿ ತಬ್ಬಿದವನಲ್ಲ.

ಗುಡ್ಡದ ಬುಡದಲ್ಲಿ ಓತಿಲಿಯಾ ಕಿಂಡಿಯ ಹತ್ತಿರ ಬಂದು ಕೂಗಿದಳು: "ರೀ, ಒಳಗೆ ಎಲ್ಲ ಸರಿ ಇದೆಯಾ?"

ಮರ ಕೊಯ್ದದ್ದು ಊರಿಗೆ ತಿಳಿದರೆ ಮಾನ ಉಳಿದೀತೇ? "ಬಂಡೆ ಥರ ಇದೆ ಕಣೇ," ಎಂದ. ಮೂಗು ತುರಿಸಿತು, ತುರಿಸಿಕೊಳ್ಳಲಿಲ್ಲ. ತೋಳು ಮರಗಟ್ಟಿತು, ಬಿಡಲಿಲ್ಲ. ಹೀಗೆ ಎರಡು ಗಂಟೆ.

ಗುಡ್ಡದ ನೆತ್ತಿಯಲ್ಲಿ ಮನೆ ಬಂದು ನಿಂತಾಗ ಊರಿಗೆ ಊರೇ ಕೇಕೆ ಹಾಕಿತು. ಗೋಡೆಗಳು ನೆಟ್ಟಗೆ, ಬಟ್ಟಲುಗಳು ಇಡಿಯಾಗಿ! "ನನ್ನ ಜನ್ಮದಲ್ಲಿ ಇಂಥ ಗಟ್ಟಿ ಮನೆ ಎಳೆದಿಲ್ಲಪ್ಪ," ಅಂದ ಎಲಿಯಾಸಜ್ಜ. ಬಾಲ್ದೊಮೆರೊಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಊಟಕ್ಕೆ ಕರೆದರೂ ಗಂಡ ಓಗೊಡದ್ದು ಕಂಡು ಓತಿಲಿಯಾ ಕಿಂಡಿಯಲ್ಲಿ ನುಸುಳಿ ಒಳಗಿಳಿದಳು. ಮರವನ್ನೂ ಅವನನ್ನೂ ಮೇಲಿಂದ ಕೆಳಗೆ ನೋಡಿದಳು. ಒಲೆಯ ಪಕ್ಕದಿಂದ ಎರಡು ಸೌದೆ ತಂದು, ಕೊಯ್ದ ಜಾಗದ ಎರಡೂ ಬದಿಗೆ ಇಟ್ಟು, ತನ್ನ ಸೊಂಟದ ದಾರ ಬಿಚ್ಚಿ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು.

"ಈಗ ಬಿಡಿ."

"ಬಿಟ್ರೆ ಮನೆ ಬೀಳುತ್ತೆ ಕಣೇ."

"ಬಿಡಿ ಅಂದ್ನಲ್ಲ."

ಕಣ್ಣು ಮುಚ್ಚಿ ಬಿಟ್ಟ. ಮನೆ ಮಿಸುಕಲಿಲ್ಲ.

"ಕೆಳಗೆ ನಾನು ಕೇಳಿದಾಗಲೇ ಹೇಳಿದ್ರೆ," ಅಂದಳು ಓತಿಲಿಯಾ, "ಅಲ್ಲೇ ಕಟ್ಟಿಕೊಡ್ತಿದ್ದೆ."